ಬಾಗಿಲಿಲ್ಲದ ಚೌಕಟ್ಟು

ಹಾಲಿನ ಲೋಟ ಅಂಗೈ ಸುಡುತ್ತಿದೆ, ಆದರೂ ಮಗಳ ಕೋಣೆಯ ಮುಂದೆ ನಿಂತೇ ಇದ್ದೇನೆ, ಒಳಗೆ ಬೆಳಗಿನ ಬಿಸಿಲು, ಅವಳು ಮೇಜಿಗೆ ಬಾಗಿ ಓದುತ್ತಿದ್ದಾಳೆ, ನಮ್ಮ ನಡುವೆ ಏನೂ ಇಲ್ಲ — ಏನೂ ಇಲ್ಲದ ಹಾಗೆ ಮಾಡಿದವನು ನಾನೇ, ಮೂವತ್ತು ವರ್ಷದಿಂದ ಊರಿಗೆಲ್ಲ ಬಾಗಿಲು ಕೂರಿಸುವ ಬಡಗಿ, ಮಗಳ ಬಾಗಿಲು ಕಿತ್ತವನು. ಆವತ್ತೊಂದು ದಿನ ಹೇಳದೆ ಕೇಳದೆ ಒಳಗೆ ಹೋಗಿ ಅವಳ ಡೈರಿ ತೆರೆದಿದ್ದೆ, ಹದಿನಾರರ ಹುಡುಗಿ ಏನು ಬರೆಯುತ್ತಾಳೋ ನೋಡೋಣ ಅಂತ, ಬರೆದದ್ದು ಇಷ್ಟೇ, ಅಪ್ಪ ಗೇಟು ತೆಗೆಯುವ ಸದ್ದು ಕೇಳಿದರೆ ಓಡಿ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ಅಷ್ಟರಲ್ಲಿ ಅವಳು ಬಂದಳು, ಕಿತ್ತುಕೊಂಡಳು, ನನ್ನನ್ನು ಹೊರಗೆ ನೂಕಿ ಮುಖದ ಮೇಲೆ ಬಾಗಿಲು ಬಡಿದಳು, ಗಾರೆ ಉದುರಿತು, ನನಗೆ ತಲೆ ಕೆಟ್ಟಿತು, ಬಾಗಿಲು ಬಡಿಯೋರಿಗೆ ಬಾಗಿಲು ಯಾಕೆ, ಆರು ತಿರುಪು, ಐದು ನಿಮಿಷದ ಕೆಲಸ, ಬಿಚ್ಚಿ ಹಿತ್ತಲಿನ ಶೆಡ್ಡಿಗೆ ಹಾಕಿದೆ, ಹೆಂಡತಿ ಸೆರಗು ಹಿಡಿದು ನಿಂತಿದ್ದಳು, ಅವಳು ಚಿಕ್ಕವಳು, ನಿಮಗೇನಾಗಿದೆ ರೀ ಅಂದಳು. ಮಗಳು ಅಳಲಿಲ್ಲ. ಮಾರನೆಯ ದಿನ ಸ್ಕೂಲಿನಿಂದ ಬಂದವಳು ಖಾಲಿ ಚೌಕಟ್ಟಿನ ಮುಂದೆ ನಿಂತು, ಗಾಳಿಯಲ್ಲಿ ಕೈ ಚಾಚಿ, ಹಿಡಿ ತಿರುಗಿಸಿ, ಒಳಗೆ ಹೋಗಿ, ಮೆಲ್ಲಗೆ, ತುಂಬ ಮೆಲ್ಲಗೆ ಮುಚ್ಚಿದಳು, ಇಲ್ಲದ್ದನ್ನು. ನಾಟಕ ಅಂದುಕೊಂಡು ನಕ್ಕೆ. ಎರಡು ವಾರಕ್ಕೆ ಹೆಂಡತಿಯೂ ಅಲ್ಲಿ ನಿಂತು ಬೆರಳು ಮಡಚಿ ಬರೀ ಗಾಳಿಗೆ ತಟ್ಟಿದಳು, ಒಳಗಿನಿಂದ ಬಾಮ್ಮ ಅಂತ ದನಿ ಬಂತು, ಆವತ್ತು ನನ್ನ ಮೈ ಜುಮ್ಮೆಂದಿತು. ಈಗ ಕರೆಯುತ್ತೇನೆ, ಪುಟ್ಟಿ, ಹಾಲು — ನೇರ ನನ್ನ ಕಡೆಗೇ ತಿರುಗುತ್ತಾಳೆ, ಕಣ್ಣು ನನ್ನ ಮೇಲೆ ನಿಲ್ಲುವುದಿಲ್ಲ, ಮುಚ್ಚಿದ ಬಾಗಿಲಿನ ಹಲಗೆ ನೋಡುವ ಹಾಗೆ ನೋಡುತ್ತಾಳೆ, ದಾಟಿ ಹೋಗೋಣವೆಂದರೆ ಕಾಲು ಹೊಸಿಲಿನಿಂದ ಮುಂದೆ ಬರುವುದಿಲ್ಲ, ಕೈ ಮಾತ್ರ ತಾನಾಗಿ ಎದ್ದು ತಟ್ಟಿತು, ಗೆಣ್ಣು ನೊಂದಿತು, ಗಾಳಿಗೆ ತಟ್ಟಿದರೆ ನೋಯುತ್ತದೆಯೇ. ಯಾರು, ಒಳಗಿನಿಂದ ದನಿ. ನಾನಮ್ಮ, ಅಪ್ಪ. ಆಮೇಲೆ ಬಾಪ್ಪ, ಓದ್ತಿದೀನಿ.

ಲೋಟ ನೆಲಕ್ಕಿಟ್ಟು ಶೆಡ್ಡಿಗೆ ಓಡಿದೆ, ಬಾಗಿಲು ಹೊತ್ತು ತಂದೆ, ಅದೇ ಆರು ತಿರುಪು, ಒಂದು ಜಾರಿ ಕೆಳಗೆ ಬಿತ್ತು, ಮಗಳೇ ಎದ್ದು ಬಂದು ಹೆಕ್ಕಿ ಕೊಟ್ಟಳು, ತಪ್ಪಾಯ್ತು ಕಣಮ್ಮ, ಓದಬಾರದಿತ್ತು ನಾನು, ಕೀಳಲೂಬಾರದಿತ್ತು, ಅವಳು ತಲೆಯಾಡಿಸಿದಳು, ಸರಿ ಬಿಡಪ್ಪ ಅಂದಳು, ಪಕ್ಕದ ಮನೆಯವರ ಹತ್ತಿರ ಮಾತಾಡುವ ದನಿ ಅದು, ಬಾಗಿಲು ದೂಡಿದಳು, ಅದು ಸದ್ದಿಲ್ಲದೆ ಬಂದು ಎರಡು ಬೆರಳಿನಷ್ಟು ಸಂದಿ ಉಳಿಸಿ ನಿಂತಿತು, ಮುಚ್ಚುತ್ತಾಳೆಂದು ಕಾಯುತ್ತೇನೆ, ಮುಚ್ಚುವುದಿಲ್ಲ, ಸಂದಿಯಲ್ಲಿ ನೋಡುತ್ತೇನೆ — ಒಂದು ಹೆಜ್ಜೆ ಹಿಂದೆ ಸರಿದು, ನಾನು ಕೂರಿಸಿದ್ದನ್ನು ಹಾಗೇ ಬಿಟ್ಟು, ಬರೀ ಗಾಳಿಯಲ್ಲಿ ಇನ್ನೊಂದು ಬಾಗಿಲನ್ನು ಮುಚ್ಚುತ್ತಿದ್ದಾಳೆ, ಬೆರಳು ಮೆಲ್ಲಗೆ ಚಿಲಕ ಸರಿಸುತ್ತಿದೆ, ಗಾಳಿಯಲ್ಲಿ, ಬೆರಳು, ಚಿಲಕ, ಆ ಬೆರಳು —