ಹೊರಟ ಬಸ್ಸಿನ ಕಿಟಕಿಯಿಂದ

ಹೆಮ್ಮಿಗೆಯ ಶಾಲೆಯಲ್ಲಿ ಐದನೇ ತರಗತಿಗೆ ಜೇನುನೊಣದ ಪಾಠ ಓದಿಸಿ, ಇದರ ಮುಖ್ಯ ವಿಚಾರ ಏನು ಎಂದು ಕೇಳಿದೆ. ಜೇನಿಗೆ ಆರು ಕಾಲು ಎಂದಿತು ಒಂದು ಮಗು. ಇನ್ನೊಂದು ರೆಕ್ಕೆ ಎಣಿಸಿತು. ಮತ್ತೊಂದು, ತನ್ನ ಮಾವನಿಗೆ ಜೇನು ಕಚ್ಚಿ ಮುಖ ಊದಿಕೊಂಡ ಕಥೆಯನ್ನೇ ತೆಗೆಯಿತು. ನನಗೆ ರೇಗಿತು.

"ನೋಡಿ, ನೀವು ನರಸೀಪುರದ ಬಸ್ ಹತ್ತಿದ್ದೀರ. ಅಜ್ಜಿ ಕೆಳಗೆ ನಿಂತಿದ್ದಾರೆ. ಕಂಡಕ್ಟರ್ 'ರೈಟ್ ರೈಟ್' ಅಂದ, ಬಸ್ ಹೊರಡ್ತು. ಕಿಟಕಿಯಿಂದ ಒಂದೇ ಮಾತು ಕೂಗೋಕೆ ಟೈಮಿರೋದು. ಈ ಪಾಠದಿಂದ ಏನು ಕೂಗ್ತೀರ?"

ಕವನ ಎಂಬ ಹುಡುಗಿ ಎದ್ದು, ಇಲ್ಲದ ಕಿಟಕಿಯಿಂದ ಕತ್ತು ಹೊರಚಾಚಿದಳು.

"ಅಜ್ಜೀ, ಜೇನಿಲ್ದಿದ್ರೆ ಗಿಡ ಕಾಯೇ ಬುಡಲ್ವಂತೆ ಕಣಜ್ಜೀ."

ಅದೇ, ಅಷ್ಟೇ ಎಂದೆ. ಆಮೇಲೆ ಯಾವ ಪಾಠ ತೆಗೆದರೂ ತರಗತಿ ಬಸ್ಸಾಗುತ್ತಿತ್ತು.

ಒಂದು ಸಂಜೆ ಹೆಡ್‌ಮಾಸ್ಟರ್ ಶಿವಮೂರ್ತಿಯವರು ಮಕ್ಕಳನ್ನೆಲ್ಲ ಅಂಗಳದಲ್ಲಿ ಸೇರಿಸಿದರು. ಒಂದು ವಿಷಯ ತಿಳಿಸಬೇಕು ಎಂದು ಶುರುಮಾಡಿದವರು ಶಿಸ್ತು, ಉಗುರು, ಶೌಚಾಲಯ ಎಲ್ಲ ದಾಟಿ, ತಾವು ಚಿಕ್ಕಂದಿನಲ್ಲಿ ನಡೆದು ಶಾಲೆಗೆ ಹೋಗುತ್ತಿದ್ದ ದಾರಿಗೆ ಬಂದರು. ವಿಷಯ ಮಾತ್ರ ಬರಲಿಲ್ಲ. ಹಿಂದಿನ ಸಾಲಿನಿಂದ ಕವನಳ ದನಿ ಎದ್ದಿತು.

"ರೈಟ್ ರೈಟ್."

ನಾನು ನೆಲ ನೋಡಿದೆ. ಆದರೆ ದಿನವೂ ನರಸೀಪುರದಿಂದ ಬಸ್ಸಿನಲ್ಲೇ ಓಡಾಡುವ ಮನುಷ್ಯ ಅವರು. ಮಾತು ಅಲ್ಲೇ ಬಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನತ್ತ ಓಡಿದರು. ಓಡುತ್ತಲೇ ಹಿಂದಕ್ಕೆ ತಿರುಗಿ ಕೂಗಿದರು:

"ನಾಳೆ ರಜ ಕಣ್ರಪ್ಪಾ."