ಟ್ಯೂಬ್‌ಲೈಟಿನ ಸಾಲು

"ಹಿಡಿಯೋ ಬೋಳಿಮಗನೆ. ಕೈ ಚಾಚೋಕೂ ಮುಹೂರ್ತ ನೋಡ್ಬೇಕಾ ನಿಂಗೆ?"

ಕಂಟ್ರಾಕ್ಟರು ಮೆಟ್ಟಿಲ ಬುಡದಲ್ಲಿ ನಿಂತು ಅರಚಿದ. ಬೈಸಿಕೊಂಡವನು ಬಜಾರಿಯ ಗಂಡ. ಅಂದು ಮೋಲ್ಡ್ ಹಾಕುವ ದಿನ. ಮಿಕ್ಸರಿನಿಂದ ತಾರಸಿಯವರೆಗೆ ಮೆಟ್ಟಿಲುದ್ದಕ್ಕೂ ಆಳುಗಳ ಸಾಲು, ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಏರುತ್ತಿತ್ತು. ಗಂಡನ ಕೆಳಗಿನ ಮೆಟ್ಟಿಲಲ್ಲಿ ಮುದುಕ, ಮೇಲಿನ ಮೆಟ್ಟಿಲಲ್ಲಿ ಬಜಾರಿ. ಅವಳಿಗೆ ಆ ಹೆಸರು ಬಂದದ್ದು ಅವಳ ಬಾಯಿಂದ. ಗಂಡನಿಗೆ ಟ್ಯೂಬ್‌ಲೈಟ್ ಎಂಬ ಹೆಸರು ಬಂದದ್ದು ಕಂಟ್ರಾಕ್ಟರನ ಕೃಪೆಯಿಂದ. ನೆಟ್ಟಗೆ ಕಟ್ಟದ ಸೆಂಟ್ರಿಂಗ್ ಹಲಗೆಯೊಂದು ಅವನ ನೆತ್ತಿಯ ಮೇಲೆ ಬಿದ್ದಾಗ ನೋಡಲು ಆಸ್ಪತ್ರೆಗೆ ಬಂದ ಈ ಕಂಟ್ರಾಕ್ಟರ್ ಮಹಾನುಭಾವ, ಬಿದ್ದದ್ದು ಖಾಲಿ ಡಬ್ಬದ ಮೇಲೆ ತಾನೆ ಎಂದು ನಕ್ಕು ಹೋಗಿದ್ದ.

ಡಾಕ್ಟರಮ್ಮ ಹೇಳಿದ್ದೇ ಬೇರೆ. ಬುದ್ಧಿ ಎಲ್ಲೂ ಹೋಗಿಲ್ಲ, ಒಳಗಿನ ದಾರಿ ಕೆಟ್ಟಿದೆ, ಯೋಚನೆ ಸುತ್ತು ಹಾಕಿಕೊಂಡು ಬರಬೇಕು. ಅವಸರ ಮಾಡಿದರೆ ನಡುದಾರಿಯಲ್ಲೇ ಕಳೆದುಹೋಗುತ್ತದೆ. ಉಪ್ಪು ಸಾಕಾ ಎಂದು ಬಜಾರಿ ಕೇಳಿದರೆ ಅವಳು ಪಾತ್ರೆ ತೊಳೆಯುವ ಹೊತ್ತಿಗೆ ಅವನು ಕಮ್ಮಿಯಾಗಿತ್ತು ಎನ್ನುತ್ತಿದ್ದ. ಕಮ್ಮಿಯಾಗಿಯೇ ಇರುತ್ತಿತ್ತು.

ಈಗ ಆ ಅರಚಾಟಕ್ಕೆ ಅವನ ತಲೆಯೊಳಗೆ ಎಲ್ಲ ಕಲಸಿಹೋಯಿತು. ಬಾಂಡ್ಲಿ ಕೈಜಾರಿ ಮೆಟ್ಟಿಲಿಳಿದು ಕಂಟ್ರಾಕ್ಟರನ ಬೂಟಿಗೆ ಅಭಿಷೇಕ ಮಾಡಿತು. ಅವನು ದಡದಡ ಹತ್ತಿ ಬಂದು, ಕೊರಳಪಟ್ಟಿ ಹಿಡಿದು ಗಂಡನನ್ನು ಸಾಲಿನಿಂದ ಎಳೆದು ಹಾಕಿದ. ಸಂಜೆಯೊಳಗೆ ಶೆಡ್ ಖಾಲಿಯಾಗಬೇಕು ಎಂದ.

ಶೆಡ್ಡು ಸಿಗುತ್ತಿದ್ದದ್ದು ದುಡಿಯುವ ಗಂಡಹೆಂಡಿರ ಜೋಡಿಗೆ. ಒಬ್ಬರು ಬೇಡವಾದರೆ ಇಬ್ಬರೂ ಬೀದಿಗೆ. ಬೇರೆಲ್ಲಿ ಕೆಲಸ ಕೇಳಲು ಹೋದರೂ ಮೊದಲು ಹೆಸರು ಕೇಳುತ್ತಾರೆ. ಇವನು ಹೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಿರುತ್ತಾರೆ.

"ಹಲಗೆ ನಿಮ್ದು, ಒಡೆದ ತಲೆ ನಮ್ದು," ಎಂದಳು ಬಜಾರಿ. "ಶೆಡ್ ಬಿಡಲ್ಲ. ಏನ್ ಕಿತ್ಕೋತೀರೋ ಕಿತ್ಕೊಳ್ಳಿ."

ಕಂಟ್ರಾಕ್ಟರು ಅವಳ ಕಡೆ ತಿರುಗಿಯೂ ನೋಡದೆ, ಖಾಲಿಯಾದ ಜಾಗಕ್ಕೆ ಒಂದು ಮೆಟ್ಟಿಲು ಮೇಲೆ ಹತ್ತು ಎಂದು ಮುದುಕನಿಗೆ ಹೇಳಿದ. ಮುದುಕ ಬಾಂಡ್ಲಿ ಹಿಡಿದುಕೊಂಡೇ ಅವನ ಮುಖ ನೋಡಿದ. ಕಣ್ಣು ಮಿಟುಕಿಸಿದ. ಮತ್ತೆ ನೋಡಿದ. ಕಂಟ್ರಾಕ್ಟರು ಎರಡನೇ ಸಲ ಗದರಿದ ಮೇಲೆ ನಿಧಾನವಾಗಿ "ಆಂ?" ಎಂದ.

ಅವನ ಕೆಳಗಿದ್ದ ಬಾಣಂತಿಗೆ ಹತ್ತಲು ಹೇಳಿದರೆ ಅವಳೂ ಹಾಗೇ ಬಾಯಿ ತೆರೆದು ನಿಂತಳು. ಅವಳ ಕೆಳಗಿನವನೂ ಅಷ್ಟೆ. ಗಂಡನನ್ನು ಅಣಕಿಸುತ್ತಿದ್ದಾರೆಂದು ಬಜಾರಿಗೆ ರಕ್ತ ಕುದಿಯಿತು, ಮುದುಕನ ಏಳು ತಲೆಮಾರು ಜಾಲಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕ ಅವಳತ್ತ ಕಣ್ಣು ಹೊಡೆದ. ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸಾಲಿಗೆ ಸಾಲೇ ಟ್ಯೂಬ್‌ಲೈಟಾಗಿತ್ತು.

ಮಿಕ್ಸರಿನಲ್ಲಿ ಕಾಂಕ್ರೀಟ್ ಗಟ್ಟಿಯಾಗತೊಡಗಿತು. ಮೋಲ್ಡು ಅರ್ಧಕ್ಕೆ ನಿಂತರೆ ಮುಂದೆ ಅಲ್ಲೇ ಸೋರುತ್ತದೆ, ಕಂಟ್ರಾಕ್ಟರನ ಹೆಸರೂ ಅಲ್ಲೇ ಸೋರುತ್ತದೆ. ಅವನು ಬೈದ, ಬೆದರಿಸಿದ, ಕೊನೆಗೆ ದಮ್ಮಯ್ಯ ಎಂದ. ದಮ್ಮಯ್ಯಕ್ಕೂ ಯಾರೂ ಅವಸರ ತೋರಲಿಲ್ಲ.

"ನಿಲ್ಲಲೇ ನಿನ್ನ ಜಾಗದಲ್ಲಿ," ಎಂದು ಗಂಡನ ಕಡೆ ಕೈ ಬೀಸಿದ.

"ಶೆಡ್ಡು?" ಎಂದಳು ಬಜಾರಿ.

"ಇರಿ. ಅಲ್ಲೇ ಸಾಯಿರಿ."

ಗಂಡ ಜಾಗಕ್ಕೆ ಬಂದು ನಿಂತ. ಆದರೆ ಮುದುಕ ತಲೆ ಸುತ್ತುತ್ತಿದೆಯೆಂದು ಬಾಂಡ್ಲಿಯನ್ನು ಕಂಟ್ರಾಕ್ಟರನ ಕೈಗಿಟ್ಟು, ಅಲ್ಲೇ ಗೋಡೆಗೊರಗಿ ಕುಕ್ಕರಿಸಿದ. ಕೆಳಗಿನವರು ಯಾರೂ ಮೇಲೆ ಹತ್ತಲಿಲ್ಲ.

ಒದ್ದೆ ಕಾಂಕ್ರೀಟಿನ ಭಾರ ಎತ್ತಿ ಹಿಡಿದು ಕಂಟ್ರಾಕ್ಟರು ಮುದುಕನ ಜಾಗದಲ್ಲಿ ನಿಂತ. ಬೈಗುಳ ಗಂಟಲ ತನಕ ಬಂದಿತ್ತು, ಬೈದರೆ ಗಂಡನ ಕೈ ಮತ್ತೆ ಜಾರಿ ಬಾಂಡ್ಲಿ ತನ್ನ ಕಾಲ ಮೇಲೇ ಬೀಳುತ್ತದೆಂದು ನುಂಗಿಕೊಂಡ. ಗಂಡ ಅವನ ಮುಖ ನೋಡಿದ, ಬಾಂಡ್ಲಿ ನೋಡಿದ, ಮತ್ತೆ ಮುಖ ನೋಡಿದ. ಯೋಚನೆ ಒಳಗೆಲ್ಲೋ ಸುತ್ತು ಹಾಕಿಕೊಂಡು ಬರುತ್ತಿತ್ತು.

ಬಜಾರಿ ಕೈಕಟ್ಟಿ ನಿಂತಳು. "ಬರ್ಲಿ ಬಿಡು, ನಿಧಾನಕ್ಕೆ ಬರ್ಲಿ," ಎಂದಳು ಗಂಡನಿಗೆ. "ಸಾಹೇಬ್ರು ಕಾಯ್ತಾರೆ."