ಫ್ರಿಜ್ಜಿನಲ್ಲಿಟ್ಟ ಬಾಟಲಿ

ಮೃಣಾಲ ಆರು ವರ್ಷದಿಂದ ಗಡಿಯಾಚೆ ಮಿರಜದ ಹತ್ತಿರದ ವಿಶ್ರಾಮಬಾಗದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್. ಆ ಶನಿವಾರ ಸಂಜೆ ಅವಳು ಚಿಕ್ಕಮ್ಮನ ಮಗಳ ಮದುವೆಯ ಹಳದಿ ಶಾಸ್ತ್ರಕ್ಕೆ ಹೋಗುವ ಅವಸರದಲ್ಲಿದ್ದಳು. ಹೊರಡುವ ಹೊತ್ತಿಗೆ ಸರಿಯಾಗಿ ಮಿರಜದ ಮಕ್ಕಳ ಆಸ್ಪತ್ರೆಯೊಂದರಿಂದ ರಕ್ತದ ಸ್ಯಾಂಪಲ್ಲುಗಳು ಬಂದವು. ಎಲ್ಲವನ್ನೂ ಒಂದೇ ಟ್ರೇಯಲ್ಲಿಟ್ಟು ಫ್ರಿಜ್ಜಿನೊಳಗೆ ತಳ್ಳಿ ಹೋದಳು. ಅವುಗಳಲ್ಲಿ ಒಂದು ಕಲ್ಚರ್ ಬಾಟಲಿಯಿತ್ತು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆದು ಕಾಣಿಸಲಿ ಎಂದು ಬೆಚ್ಚಗೆ ಇಡಬೇಕಾದ ಬಾಟಲಿ. ತಣ್ಣಗಿಟ್ಟರೆ ಒಳಗಿನದು ಸತ್ತೇ ಹೋಗಬಹುದು.

ಭಾನುವಾರ ಬೆಳಿಗ್ಗೆ ಫ್ರಿಜ್ಜು ತೆಗೆದಾಗ ಆ ಬಾಟಲಿ ಟ್ರೇಯಲ್ಲೇ ಇತ್ತು. ಬಾಟಲಿಯ ಮೇಲೆ ಹೆಸರು ಅನೇಕಾಂತ, ವಯಸ್ಸು ನಾಲ್ಕು, ಊರು ಸಮಡೋಳಿ. ಚೀಟಿಯಲ್ಲಿ ನ್ಯುಮೋನಿಯಾ ಎಂದಿತ್ತು. ಇನ್ನೊಮ್ಮೆ ರಕ್ತ ಕಳಿಸಿ ಎಂದು ಫೋನ್ ಮಾಡಬೇಕಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಮಗುವಿಗೆ ಆಗಲೇ ಆ್ಯಂಟಿಬಯಾಟಿಕ್ ಶುರುವಾಗಿರುತ್ತದೆ, ಈಗ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾಟಲಿಯನ್ನು ಬೆಚ್ಚನೆಯ ಪೆಟ್ಟಿಗೆಗೆ ಹಾಕಿ, ರಜಿಸ್ಟರಿನಲ್ಲಿ ಒಳಗಿಟ್ಟ ವೇಳೆ ಶನಿವಾರ ಸಂಜೆ ಆರು ಗಂಟೆ ಎಂದು ಬರೆದಳು.

ಎರಡು ದಿನವಾದರೂ ಏನೂ ಬೆಳೆಯಲಿಲ್ಲ. ಹಾಗೆಂದೇ ರಿಪೋರ್ಟು ಹೋಯಿತು.

ರಿಪೋರ್ಟು ಬಂತೇ ಎಂದು ಕೇಳಲು ದಿನವೂ ಬರುತ್ತಿದ್ದವರು ಹುಡುಗನ ಅಜ್ಜ ತವನಪ್ಪ. ಮೃಣಾಲಳ ತಾಯಿ ಅಥಣಿ ಕಡೆಯವಳು ಎಂದು ತಿಳಿದ ಮೇಲೆ ಅವಳೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಬುಧವಾರ ಅವರೇ ಒಂದು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದರು. ಜೊತೆಗಿನ ಚೀಟಿಯಲ್ಲಿ ಆಸ್ಪತ್ರೆಯ ಡಾಕ್ಟರ್ ಭೂಷಣ ಬರೆದಿದ್ದರು: ರಕ್ತದಲ್ಲಿ ಏನೂ ಬೆಳೆದಿಲ್ಲ, ಜ್ವರ ಇಳಿದಿಲ್ಲ, ಕ್ಷಯವಿದೆಯೇ ನೋಡಿ. ಸಣ್ಣ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತಾರೆ. ಅದಕ್ಕೆ ಮೂಗಿನಿಂದ ಹೊಟ್ಟೆಗೆ ನಳಿ ಇಳಿಸಿ ತೆಗೆಯಬೇಕು. ಹಾಗೆ ತೆಗೆದದ್ದೇ ಡಬ್ಬಿಯಲ್ಲಿತ್ತು.

“ನಾಕ ಮಂದಿ ಹಿಡಕೊಂಡ್ವಿ ಅವನ್ನ,” ಎಂದರು ತವನಪ್ಪ. “ಕೈ ನಾನ ಹಿಡದಿದ್ನಿ. ನನ್ನ ಕಡೆನ ನೋಡಾಕತ್ತಿದ್ದ. ನಾಳೆ ಮತ್ತ ತಗೀಬೇಕಂತ.”

ಅವರು ಹೋದ ಮೇಲೆ ಮೃಣಾಲ ಡಬ್ಬಿಗೆ ಸುತ್ತಿದ್ದ ಟವೆಲು ಬಿಚ್ಚಿದಳು. ಆ ನಳಿಯನ್ನು ಮಗುವಿನ ಮೂಗಿಗೆ ತಾನೇ ತುರುಕಿದಂತೆ ಅನ್ನಿಸಿತು. ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ರಜಿಸ್ಟರಿನಲ್ಲಿ ಬರೆದ ಸುಳ್ಳು ವೇಳೆಯನ್ನೂ. ಎಷ್ಟು ತಾಸು ಫ್ರಿಜ್ಜಿನಲ್ಲಿತ್ತು ಎಂದು ಅವರು ಮರಾಠಿಯಲ್ಲಿ ಕೇಳಿದರು. ಹದಿನಾಲ್ಕು ಎಂದಳು. ಅವರು ಫೋನ್ ಇಟ್ಟು ಹುಡುಗನಿಗೆ ಸ್ಕ್ಯಾನ್ ಮಾಡಿಸಲು ಹೇಳಿದರು.

ಮಧ್ಯಾಹ್ನ ಸ್ಕ್ಯಾನ್ ಮಾಡಿದಾಗ ಹುಡುಗನ ಶ್ವಾಸಕೋಶದ ಹೊರಗೆ ಕೀವು ತುಂಬಿರುವುದು ಕಂಡಿತು. ಸೂಜಿಯಿಂದ ತೆಗೆದ ಕೀವು ಲ್ಯಾಬಿಗೆ ಬಂತು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನೇರಳೆ ಬಣ್ಣದ ಕಾಳುಗಳು ಎರಡೆರಡಾಗಿ ಅಂಟಿಕೊಂಡಿದ್ದವು. ನ್ಯುಮೋನಿಯಾದ ಬ್ಯಾಕ್ಟೀರಿಯಾವೇ. ಕ್ಷಯದ ಮಾತು ಅಲ್ಲಿಗೆ ನಿಂತಿತು, ಮರುದಿನದ ನಳಿಯೂ ತಪ್ಪಿತು. ಆದರೆ ನಾಲ್ಕು ದಿನದ ಔಷಧಿಯಿಂದ ಕೀವಿನಲ್ಲೂ ಏನೂ ಬೆಳೆಯಲಿಲ್ಲ. ಯಾವ ಔಷಧಿ ನಾಟುತ್ತದೆಂದು ಹೇಳಬಹುದಾಗಿದ್ದುದು ಆ ಮೊದಲ ಬಾಟಲಿಯೊಂದೇ. ಡಾಕ್ಟರು ಅಂದಾಜಿನ ಮೇಲೆ ಔಷಧಿ ಬದಲಿಸಿ, ಪಕ್ಕೆಗೆ ಕೊಳವೆ ಹಾಕಿದರು. ಮೂರನೆಯ ದಿನ ಜ್ವರ ಇಳಿಯಿತು.

ಲ್ಯಾಬಿನ ಮಾಲೀಕರು ಅವಳನ್ನು ಕಲ್ಚರ್ ಕೆಲಸದಿಂದ ತೆಗೆದು ಕೌಂಟರಿಗೆ ಹಾಕಿದರು. ಅವಳು ಎದುರಾಡಲಿಲ್ಲ. ಭಾನುವಾರ ಮಿರಜಕ್ಕೆ ಹೋಗಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ತವನಪ್ಪನವರ ಮುಂದೆ ನಿಂತಳು.

“ಕಾಕಾ, ಮೊದಲಿನ ರಕ್ತದ ಬಾಟಲಿ ನಾನ ತಪ್ಪಿ ಫ್ರಿಜ್ಜಿನ್ಯಾಗ ಇಟ್ಟಿದ್ನಿರಿ. ಅದಕ್ಕ ರಿಪೋರ್ಟ್ ಹಂಗ ಬಂತು. ಗೊತ್ತಾದ ಮ್ಯಾಲೂ ಮುಚ್ಚಿಟ್ನಿ.”

“ಮೂಗಿನ್ಯಾಗ ನಳಿ ಹಾಕಿದ್ದು ಅದಕ್ಕ ಏನ?”

“ಹೌದ್ರಿ.”

“ತಪ್ಪ ಯಾರ ಕೈಲೂ ಆಗತೈತವಾ,” ಎಂದರು ತವನಪ್ಪ. “ಆದ್ರ ನಾ ದಿನಾ ಬಂದು ನಿನ್ನ ಮುಂದ ಕುಂದರತಿದ್ನಿ. ಆವಾಗ ಹೇಳಬೇಕಿತ್ತು.”

ಮೃಣಾಲ ಹುಡುಗನನ್ನು ಒಮ್ಮೆ ನೋಡಬೇಕೆಂದು ಬಂದಿದ್ದಳು. ಕೇಳಲು ಬಾಯಿ ಬರಲಿಲ್ಲ, ಅವರೂ ಒಳಗೆ ಕರೆಯಲಿಲ್ಲ.

ಅನೇಕಾಂತ ಇನ್ನೊಂದು ವಾರಕ್ಕೆ ಮನೆಗೆ ಹೋದ. ತಿಂಗಳಾದ ಮೇಲೆ ಅವನ ರಕ್ತ ಮತ್ತೆ ಪರೀಕ್ಷೆಗೆ ಬಂತು, ಎಲ್ಲವೂ ಸರಿಯಿತ್ತು. ರಿಪೋರ್ಟಿಗೆ ಬಂದ ತವನಪ್ಪ ಕೌಂಟರಿನಲ್ಲಿದ್ದ ಮೃಣಾಲಳಿಗೆ, ಹುಡುಗ ಆರಾಮ ಅದಾನ ಎಂದಷ್ಟೇ ಹೇಳಿದರು. ಆಮೇಲೆ ಲಕೋಟೆ ಬಿಚ್ಚಿ, ಒಳಗಿನದು ಸರಿಯಿದೆಯೇ ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ಟೆಕ್ನಿಶಿಯನ್ನನ್ನು ಕೇಳಿದರು.